ಮೂರನೆಯ ದೀಪ

ಲೂಶಿಯಸ್ ಪೆಟ್‌ವೇಗೆ ಮಾತು ನಿಂತು ಎರಡು ವರ್ಷವಾಗಿತ್ತು. ಮಿಸಿಸಿಪ್ಪಿ ರಾಜ್ಯದ ಯಾಕ್ನಿ ಕೌಂಟಿಯಲ್ಲಿ ಆತ ಶಾಲೆಯ ಬಸ್ಸು ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ಅಲ್ಲೇ ಕುಸಿದ. ಅಂದಿನಿಂದ ಕಣ್ಣು ತೆರೆದು ಮಲಗಿರುವುದೊಂದೇ. ಅವನಿಗೆ ಏನಾದರೂ ಕೇಳಿಸುತ್ತದೆಯೋ, ಕೇಳಿಸಿದ್ದು ತಿಳಿಯುತ್ತದೆಯೋ ಎಂಬುದು ವೈದ್ಯರಿಗೂ ಗೊತ್ತಿರಲಿಲ್ಲ.

ಡೆಲ್ಫೀನ್ ಟಾಲಿವರ್ ತನ್ನ ಯಂತ್ರವನ್ನು ಮೊದಲು ಕಟ್ಟಿದ್ದು ಅವನ ತಲೆಗೆ.

ಡೆಲ್ಫೀನ್‌ಗೆ ಆಗ ನಲವತ್ತು. ಅದೇ ಕೌಂಟಿಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದ ಕರಿಯ ಹುಡುಗಿ. ಈಗ ಮೆಂಫಿಸ್‌ನ ಹೆಲ್ವಿಂಗ್ ಎಂಬ ಕಂಪನಿಯ ಪ್ರಯೋಗಾಲಯದಲ್ಲಿ ಎಂಜಿನಿಯರ್. ಅವಳ ಯಂತ್ರದ ಹಿಂದಿನ ತತ್ವ ಹೊಸದೇನಲ್ಲ. 'ಕಾಫಿಗೆ ಸಕ್ಕರೆ ಹಾಕಿಕೊಂಡೆ' ಎಂದು ಯಾರಾದರೂ ಹೇಳಿದರೆ ಕೇಳುವವನ ಮಿದುಳು ಸುಮ್ಮನಿರುತ್ತದೆ. 'ಕಾಫಿಗೆ ಮೊಳೆ ಹಾಕಿಕೊಂಡೆ' ಎಂದರೆ ಅರ್ಧ ಸೆಕೆಂಡಿನೊಳಗೆ ಅಲ್ಲೊಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ. ಮಾತಿನ ಅರ್ಥ ಹಿಡಿದವನಲ್ಲಿ ಮಾತ್ರ ಏಳುವ ಅಲೆ ಅದು. ಬಾಯಿ ಬಿಡಬೇಕಾಗಿಲ್ಲ, ಬೆರಳು ಅಲ್ಲಾಡಿಸಬೇಕಾಗಿಲ್ಲ. ತಲೆಗೆ ಇಪ್ಪತ್ತಾರು ಲೋಹದ ಗುಂಡಿಗಳಿರುವ ಪಟ್ಟಿ ಕಟ್ಟಿ, ವಾಕ್ಯಗಳನ್ನು ಕೇಳಿಸಿದರೆ ಸಾಕು. ಅರ್ಥವಾಗಿದ್ದರೆ ಹಸಿರು ದೀಪ. ಆಗದಿದ್ದರೆ ಕೆಂಪು. ಗುಂಡಿಗಳಿಗೆ ಅಲೆಯೇ ಸಿಗದಿದ್ದರೆ ಹಳದಿ. ಅಂದರೆ, ನನಗೆ ಓದಲಾಗಲಿಲ್ಲ ಎಂದು ಯಂತ್ರವೇ ಒಪ್ಪಿಕೊಂಡಂತೆ.

ಆಸ್ಪತ್ರೆಯ ನರ್ಸ್ ಪೆಟ್‌ವೇಯ ಗುಂಗುರು ಕೂದಲನ್ನು ಎಳೆಎಳೆಯಾಗಿ ಬಿಡಿಸಿ, ಪ್ರತಿ ಗುಂಡಿಯ ಕೆಳಗೆ ಅಂಟು ಹಚ್ಚಿ, ಪಟ್ಟಿ ಕೂರಿಸುವಷ್ಟರಲ್ಲಿ ನಲವತ್ತು ನಿಮಿಷ ಹಿಡಿಯಿತು. ಆಮೇಲೆ ವಾಕ್ಯಗಳು ಶುರುವಾದವು.

ಹಸಿರು. ಮತ್ತೆ ಹಸಿರು. ಮತ್ತೂ ಹಸಿರು.

ಪಕ್ಕದಲ್ಲಿದ್ದ ಅವನ ಹೆಂಡತಿ ರೋಜೆಟ್ಟಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. "ಅಂದ್ರೆ ಎಲ್ಲಾ ತಿಳೀತಿತ್ತಾ ಇವರಿಗೆ?"

"ಎಲ್ಲಾ," ಎಂದಳು ಡೆಲ್ಫೀನ್.

"ದೇವರೇ! ಎರಡು ವರ್ಷದಿಂದ ಇವರ ಎದುರಿಗೇ ಇವರ ತಂಗಿಯ ಬಗ್ಗೆ ಏನೇನೆಲ್ಲ ಅಂದುಬಿಟ್ಟಿದ್ದೀನಿ!" ಎಂದು ರೋಜೆಟ್ಟಾ ಅಳುತ್ತಲೇ ನಕ್ಕಳು.

ಮುಂದಿನ ತಿಂಗಳು ನ್ಯಾಯಾಲಯದಲ್ಲಿ ಪೆಟ್‌ವೇಯನ್ನು ಬುದ್ಧಿ ಸ್ವಾಧೀನದಲ್ಲಿಲ್ಲದವನೆಂದು ಘೋಷಿಸುವುದಿತ್ತು. ಹಾಗೆ ಘೋಷಿಸಿದ್ದರೆ ಮತದಾರರ ಪಟ್ಟಿಯಿಂದಲೂ ಅವನ ಹೆಸರು ಹೋಗುತ್ತಿತ್ತು. ಡೆಲ್ಫೀನ್ ಯಂತ್ರ ಹೊತ್ತುಕೊಂಡು ಹೋಗಿ ಸಾಕ್ಷಿ ಹೇಳಿದಳು. ಹೆಸರು ಉಳಿಯಿತು. ಆ ನವೆಂಬರಿನಲ್ಲಿ ಆತ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕಲಿತ ಕಣ್ಣಿನ ಸನ್ನೆಯಲ್ಲೇ ಮತ ಹಾಕಿದ ಚಿತ್ರ ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಬಂತು. ಡೆಲ್ಫೀನ್ ತನ್ನ ಬದುಕಿನಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಆ ಚಿತ್ರವನ್ನು ಹಾಲಿಸ್ ಮೆಕ್ಕೇಬ್ ಕೂಡ ನೋಡಿದ್ದ.

ಮೆಕ್ಕೇಬ್ ಯಾಕ್ನಿ ಕೌಂಟಿಯ ಕ್ಲರ್ಕ್. ಹೆಸರಿಗೆ ಕ್ಲರ್ಕ್ ಎಂದರೂ ಜನರಿಂದ ಆರಿಸಿ ಬಂದ ಅಧಿಕಾರಿ. ಮತದಾರರ ಪಟ್ಟಿ ಇರುವುದು ಅವನ ಕೈಯಲ್ಲಿ. ಐವತ್ತು ದಾಟಿದ, ಮೃದು ಮಾತಿನ ಬಿಳಿಯ. ಪ್ರಯೋಗಾಲಯಕ್ಕೆ ಬಂದಾಗ ತನ್ನ ಹಿತ್ತಲಿನ ಟೊಮೇಟೊ ಒಂದು ಚೀಲ ತಂದಿದ್ದ.

"ಈಗಿನ ಮತಪತ್ರ ನೋಡಿದ್ದೀರಾ ಮ್ಯಾಮ್? ಎಂಟೆಂಟು ತಿದ್ದುಪಡಿ. ವಕೀಲರಿಗೇ ಅರ್ಥವಾಗಲ್ಲ. ಜನ ಯಾವುದಕ್ಕೋ ಹೌದು ಅಂತಾರೆ, ಆಮೇಲೆ ಗೋಳಾಡ್ತಾರೆ. ತಿಳಿದು ಹಾಕಿದ ಮತ ಅಂತ ಒಂದು ಖಾತ್ರಿ ಇದ್ದರೆ ಯಾರಿಗೆ ನಷ್ಟ ಹೇಳಿ?"

"ಇದು ರೋಗಿಗಳಿಗೆ ಅಂತ ಮಾಡಿದ್ದು," ಎಂದಳು ಡೆಲ್ಫೀನ್.

"ಗೊತ್ತು. ಆದರೆ ಇದು ಬಣ್ಣ ನೋಡಲ್ಲ, ಹೆಸರು ಕೇಳಲ್ಲ, ಯಾರ ಮಗ ಅಂತ ವಿಚಾರಿಸಲ್ಲ. ನಮ್ಮ ರಾಜ್ಯದ ಇತಿಹಾಸಕ್ಕೆ ಇದಕ್ಕಿಂತ ಒಳ್ಳೆ ಪ್ರಾಯಶ್ಚಿತ್ತ ಉಂಟಾ?"

ಆ ಮಾತು ಅವಳಿಗೆ ನಾಟಿತು. ಕಂಪನಿಗೂ ಬೇಕಾಗಿತ್ತು. ಅಷ್ಟರಲ್ಲಿ ರಾಜ್ಯದ ಶಾಸನಸಭೆ, ಇಷ್ಟವಿದ್ದ ಕೌಂಟಿಗಳು 'ತಿಳಿವಿನ ದೃಢೀಕರಣ' ಮಾಡಿಸಬಹುದೆಂದು ಒಂದು ಕಾಯಿದೆ ತಂದಿತು. ಮತ ಹಾಕಲು ಅಕ್ಷರ ಪರೀಕ್ಷೆ ಕೂಡದೆಂಬ ಹಳೆಯ ಕಾನೂನು ಅಡ್ಡ ಬಂದಾಗ ನ್ಯಾಯಾಲಯವೊಂದು ಅದನ್ನೂ ದಾಟಿಸಿತು. ಇಲ್ಲಿ ಪ್ರಶ್ನೆ ಕೇಳುವವರಿಲ್ಲ, ಉತ್ತರ ಹೇಳುವವರಿಲ್ಲ, ಆದ್ದರಿಂದ ಇದು ಪರೀಕ್ಷೆಯಲ್ಲ, ಬರೀ ಅಳತೆ ಎಂದಿತು.

ಆ ಭಾನುವಾರ ಡೆಲ್ಫೀನ್ ಅಜ್ಜಿಯ ಮನೆಗೆ ಊಟಕ್ಕೆ ಹೋದಾಗ ವಿಷಯ ಹೇಳಿದಳು. ಅಜ್ಜಿ ವಿಲೊಡೀನ್‌ಗೆ ತೊಂಬತ್ತೆರಡು. ನೆಟ್ಟಗೆ ಕೂರುವವಳು. ತನ್ನ ದಟ್ಟ ಬಿಳಿ ಕೂದಲನ್ನು ಇವತ್ತಿಗೂ ತಾನೇ ಹೆಣೆದು ತಲೆಯ ಸುತ್ತ ಕಟ್ಟುವವಳು.

"ಯಾರು ಪಾಸು ಯಾರು ಫೇಲು ಅಂತ ಹೇಳೋದು ಯಾರು?" ಎಂದು ಕೇಳಿದಳು ಅಜ್ಜಿ.

"ಯಾರೂ ಅಲ್ಲ. ಯಂತ್ರ."

"ಹೂಂ."

ಆ 'ಹೂಂ' ಹಿಂದೆ ಏನಿದೆ ಎಂದು ಡೆಲ್ಫೀನ್‌ಗೆ ಗೊತ್ತಿತ್ತು. 1964ರಲ್ಲಿ, ಇಪ್ಪತ್ತೊಂದು ತುಂಬಿದ ವಾರವೇ ವಿಲೊಡೀನ್ ಹೆಸರು ಬರೆಸಲು ಕೌಂಟಿ ಕಚೇರಿಗೆ ಹೋಗಿದ್ದಳು. ಆಗ ಅವಳು ಕರಿಯರ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಟೀಚರ್. 1890ರಲ್ಲಿ ಬರೆದ ರಾಜ್ಯ ಸಂವಿಧಾನದಲ್ಲಿ ಒಂದು ನಿಯಮವಿತ್ತು. ಹೆಸರು ಬರೆಸಲು ಬಂದವರು ಸಂವಿಧಾನದ ಯಾವುದಾದರೂ ಕಲಮಿಗೆ ಅರ್ಥ ಹೇಳಬೇಕು, ಆ ಅರ್ಥ ಸರಿಯೋ ತಪ್ಪೋ ಎಂದು ಅಧಿಕಾರಿ ತೀರ್ಮಾನಿಸಬೇಕು. ಯಾವ ಕಲಮು ಎಂದು ಆರಿಸುವವನೂ ಅವನೇ. ಅವಳ ಮುಂದೆ ನಿಂತಿದ್ದ ಬಿಳಿಯನಿಗೆ ಸಿಕ್ಕಿದ್ದು ಒಂದು ಸಾಲು. ಅವಳಿಗೆ ಸಿಕ್ಕಿದ್ದು ನದಿ ಒಡ್ಡುಗಳ ಮಂಡಳಿಯ ಅಧಿಕಾರದ ಬಗ್ಗೆ ಒಂದಿಡೀ ಪುಟ. ಅವಳು ಒಂದೂವರೆ ಪುಟ ಅರ್ಥ ಬರೆದಳು. ಅವನು ಅದನ್ನು ಓದಲೂ ಇಲ್ಲ. 'ನನಗೆ ಸಮಾಧಾನ ಆಗಲಿಲ್ಲ' ಎಂದ. ಮುಂದಿನ ತಿಂಗಳು ಶಾಲೆಯವರು ಅವಳ ಕೆಲಸ ಮುಂದುವರಿಸಲಿಲ್ಲ. ಮಕ್ಕಳಿಗೆ ಓದು ಕಲಿಸುತ್ತಿದ್ದವಳು ಅಲ್ಲಿಂದ ಮೂವತ್ತು ವರ್ಷ ಅಡುಗೆಮನೆಗಳಲ್ಲಿ ದುಡಿದಳು. ಮರುವರ್ಷ ಇಂಥ ಅಕ್ಷರ ಪರೀಕ್ಷೆಗಳನ್ನು ನಿಲ್ಲಿಸುವ ಹೊಸ ಕಾನೂನು ಬಂತು. ವಾಷಿಂಗ್ಟನ್‌ನಿಂದ ಬಂದ ಅಧಿಕಾರಿಯೊಬ್ಬ ಮೇಜು ಹಾಕಿಕೊಂಡು ಕೂತು, ಏನೂ ಕೇಳದೆ ಅವಳ ಹೆಸರು ಬರೆದುಕೊಂಡ. ಅಂದಿನಿಂದ ಒಂದು ಚುನಾವಣೆಯನ್ನೂ ಅವಳು ಬಿಟ್ಟಿರಲಿಲ್ಲ.

"ಅಜ್ಜೀ, ಆವತ್ತು ಕೂತಿದ್ದವನು ಮನುಷ್ಯ. ಅವನಿಗೆ ದ್ವೇಷ ಇತ್ತು. ಯಂತ್ರಕ್ಕೆ ಮುಖಾನೇ ಇಲ್ಲ."

"ಮುಖ ಇದ್ದಿದ್ದರೆ ಬೈಯೋದಕ್ಕಾದರೂ ಆಗುತ್ತಿತ್ತು," ಎಂದಳು ವಿಲೊಡೀನ್. "ಇನ್ನೊಂದು ತುಂಡು ಕೋಳಿ ಹಾಕಿಕೋ."

ಕೌಂಟಿಗೆಂದು ಮಾಡಿದ ಯಂತ್ರಕ್ಕೆ ಪಟ್ಟಿಯ ಬದಲು ಟೋಪಿ ಬಂತು. ಅಂಟಿಲ್ಲ, ನರ್ಸ್ ಇಲ್ಲ. ಹಾಕಿ ಎರಡೇ ನಿಮಿಷದಲ್ಲಿ ತೆಗೆಯಬೇಕು. ಪ್ರಯೋಗಾಲಯದಲ್ಲಿ ಕೊನೆಯ ತಪಾಸಣೆಗೆಂದು ಮೆಕ್ಕೇಬ್ ಬಂದಾಗ ಹಳದಿ ದೀಪಕ್ಕೆ ಬೆರಳಿಟ್ಟು ಕೇಳಿದ, "ಇದೊಂದು ಯಾಕೆ ಮ್ಯಾಮ್? ಹೌದು ಅಥವಾ ಇಲ್ಲ. ಎರಡು ಸಾಕಲ್ಲ?"

"ಹಳದಿ ಅಂದರೆ ಇಲ್ಲ ಅಂತಲ್ಲ. ಯಂತ್ರಕ್ಕೆ ಗೊತ್ತಾಗಲಿಲ್ಲ ಅಂತ."

"ನನ್ನ ಕಚೇರಿಯಲ್ಲಿ ಕೂರುವವರು ಡಾಕ್ಟರಲ್ಲ. ಹಳದಿ ಬಂದರೆ ಅವರು ಏನು ಮಾಡಬೇಕು? ಕಾಯಿದೆಯಲ್ಲಿ ದೃಢೀಕೃತ, ಅದೃಢೀಕೃತ ಅಂತ ಎರಡೇ ಇರೋದು. ಕೆಂಪು ಬಂದವರು ಮೂವತ್ತು ದಿನ ಬಿಟ್ಟು ಇನ್ನೊಂದು ಸಲ ಬರಬಹುದು. ಯಾರನ್ನೂ ಓಡಿಸುತ್ತಿಲ್ಲವಲ್ಲ."

ಡೆಲ್ಫೀನ್ ಒಂದು ವಾರ ವಾದ ಮಾಡಿದಳು. ಆಮೇಲೆ, ಹಳದಿಯನ್ನು ಕೆಂಪಿಗೆ ಸೇರಿಸುವ ಕಾಗದಕ್ಕೆ ಸಹಿ ಹಾಕಿದಳು. ಗುಂಗುರು ಕೂದಲಿನ ಮೂಲಕ ಟೋಪಿಯ ಗುಂಡಿಗಳು ನೆತ್ತಿ ಮುಟ್ಟುವುದು ಕಷ್ಟವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ, ಬಾಚಣಿಗೆಯ ಹಲ್ಲುಗಳಂತೆ ಕೂದಲಿನ ನಡುವೆ ಇಳಿಯುವ ಗುಂಡಿಯೊಂದರ ಚಿತ್ರವನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ 'ಆರು ವಾರದ ಕೆಲಸ' ಎಂದು ಗುರುತು ಹಾಕಿಕೊಂಡಿದ್ದಳು. ಮುಂದಿನ ಮಾದರಿಯಲ್ಲಿ ಸೇರಿಸಿದರಾಯಿತು ಎಂದುಕೊಂಡಳು. ಎರಡನೇ ಅವಕಾಶ ಇದ್ದೇ ಇದೆಯಲ್ಲ ಎಂದುಕೊಂಡಳು.

2036ರ ಸೆಪ್ಟೆಂಬರಿನಲ್ಲಿ ಯಾಕ್ನಿ ಕೌಂಟಿಯ ಮತದಾರರೆಲ್ಲ ದೃಢೀಕರಣಕ್ಕೆ ಬರಬೇಕೆಂದು ಕಾರ್ಡು ಹೋಯಿತು. ವಿಲೊಡೀನ್ ಚರ್ಚಿಗೆ ಉಡುವ ನೀಲಿ ಉಡುಪು ತೊಟ್ಟು ಹೊರಟಳು. ಡೆಲ್ಫೀನ್ ರಜೆ ಹಾಕಿ ಕರೆದುಕೊಂಡು ಹೋದಳು. ತನ್ನ ಯಂತ್ರವನ್ನು ಅಜ್ಜಿ ನೋಡಬೇಕು ಎಂಬ ಆಸೆಯೂ ಇತ್ತು.

ಕಚೇರಿಯ ಹುಡುಗಿ ಅಜ್ಜಿಯ ಹೆಣೆದ ಕೂದಲಿನ ಮೇಲೆ ಟೋಪಿ ಒತ್ತಿದಳು. ಅದು ಒಂದು ಕಡೆ ಎದ್ದು ನಿಂತಿತು. ಇನ್ನೊಮ್ಮೆ ಒತ್ತಿದಳು. ಸ್ಪೀಕರಿನಲ್ಲಿ ವಾಕ್ಯಗಳು ಬಂದವು. ಅಜ್ಜಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪಾಠ ಕೇಳುವವಳಂತೆ ಕೂತಿದ್ದಳು. 'ಬಡಗಿ ಮೇಜನ್ನು ಹಾಡಿನಿಂದ ಕೊಯ್ದ' ಎಂದು ಬಂದಾಗ ಹುಬ್ಬು ಗಂಟಿಕ್ಕಿ, "ಇದೆಂಥ ವಾಕ್ಯ!" ಎಂದಳು.

ಅಲೆ ಎದ್ದದ್ದು ಮುಖದ ಮೇಲೇ ಕಾಣುತ್ತಿತ್ತು. ದೀಪ ಕೆಂಪಗೆ ಹತ್ತಿತು.

"ಅದೃಢೀಕೃತ, ಮ್ಯಾಮ್," ಎಂದಳು ಹುಡುಗಿ ಬಹಳ ವಿನಯದಿಂದ. "ಮೂವತ್ತು ದಿನ ಬಿಟ್ಟು ಬನ್ನಿ."

"ಅಂದರೆ ನನಗೆ ಅರ್ಥ ಆಗಲಿಲ್ಲ ಅಂತಲಾ?"

"ಹಾಗಂತ ನಾವು ಹೇಳಲ್ಲ ಮ್ಯಾಮ್. ದೀಪ ಅಷ್ಟೇ."

ಮನೆಯ ಮುಂದೆ ಕಾರಿನಿಂದ ಇಳಿಯುವಾಗ ಅಜ್ಜಿ ಮೊಮ್ಮಗಳ ಕಡೆ ತಿರುಗಿ, "ಆವತ್ತಿನವನು ಕಡೇಪಕ್ಷ ಸುಳ್ಳು ಹೇಳ್ತಿದ್ದೀನಿ ಅಂತ ತಿಳಿದು ಹೇಳಿದ್ದ," ಎಂದು ಒಳಗೆ ಹೋದಳು.

ಡೆಲ್ಫೀನ್ ಪ್ರಯೋಗಾಲಯಕ್ಕೆ ಹಿಂದಿರುಗಿ ಕೌಂಟಿಯ ಯಂತ್ರಗಳ ದಾಖಲೆ ತೆರೆದಳು. ದೀಪ ಎರಡೇ ಆದರೂ ಒಳಗೆ ಯಂತ್ರ ಮೂರನ್ನೂ ಬರೆದಿಡುತ್ತಿತ್ತು. ಆವರೆಗೆ ಕೆಂಪು ಬಂದವರು ಸಾವಿರದ ನೂರ ನಲವತ್ತು ಮಂದಿ. ಅವರಲ್ಲಿ ಯಂತ್ರ ನಿಜವಾಗಿ ಓದಿ 'ಇಲ್ಲ' ಎಂದದ್ದು ಎಂಬತ್ತೆಂಟು ಜನಕ್ಕೆ. ಮಿಕ್ಕವರೆಲ್ಲ ಹಳದಿ. ಗುಂಡಿ ನೆತ್ತಿಯನ್ನೇ ಮುಟ್ಟಿರಲಿಲ್ಲ. ಹೆಸರುಗಳನ್ನು ಓದುತ್ತಾ ಹೋದಳು. ಮೀನು ಕಾರ್ಖಾನೆಯ ಹೆಂಗಸರು, ಅವಳ ಜೊತೆ ಓದಿದವರು, ಚರ್ಚಿನ ಹಾಡುಗಾರರು. ರೋಜೆಟ್ಟಾ ಪೆಟ್‌ವೇ ಕೂಡ ಇದ್ದಳು. ಬಿಳಿಯರು ಅಲ್ಲೊಬ್ಬ ಇಲ್ಲೊಬ್ಬ.

ಕಾಗದ ಹಿಡಿದುಕೊಂಡು ಮೆಕ್ಕೇಬ್‌ನ ಕಚೇರಿಗೆ ಹೋದಳು. ಆತ ಎದ್ದು ಕುರ್ಚಿ ಎಳೆದುಕೊಟ್ಟ, ಪಟ್ಟಿಯನ್ನು ಪೂರ್ತಿ ನೋಡಿದ.

"ಹಳದಿಯನ್ನ ವಾಪಸ್ಸು ಹಾಕಬೇಕು," ಎಂದಳು. "ಇವತ್ತೇ."

"ಕಾಯಿದೆ ತಿದ್ದದೆ ಆಗಲ್ಲ ಮ್ಯಾಮ್. ಶಾಸನಸಭೆ ಸೇರೋದು ಜನವರಿಗೆ."

"ಚುನಾವಣೆ ನವೆಂಬರಿಗೆ!"

"ಹೌದಲ್ಲ," ಎಂದ ಆತ, ಈಗಷ್ಟೇ ಹೊಳೆದವನಂತೆ. ಪಟ್ಟಿಯನ್ನು ಮಡಚಿ ವಾಪಸ್ಸು ಕೊಟ್ಟು, "ನೋಡಿ, ಯಂತ್ರ ಬಣ್ಣ ನೋಡಲ್ಲ ಅಂತ ನಾವೆಲ್ಲ ನಂಬಿದೆವು. ಹಳದಿ ತೆಗೆದ ಕಾಗದದಲ್ಲಿ ನನ್ನ ಸಹಿ ಇಲ್ಲ. ನಿಮ್ಮದಿದೆ," ಎಂದ. ಅವನ ದನಿಯಲ್ಲಿ ಕೋಪವೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅವಳು ಎದ್ದಾಗ ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ತೊಂದರೆ ಕೂದಲಿನದು ಎಂಬ ಸುದ್ದಿ ಊರಲ್ಲಿ ಹರಡಿತು. ಅಕ್ಟೋಬರಿನಲ್ಲಿ ಎರಡನೆಯ ಸರದಿ ಬರುವ ಹೊತ್ತಿಗೆ ರೋಜೆಟ್ಟಾ ಪೆಟ್‌ವೇಯ ಅಂಗಡಿಯ ಮುಂದೆ ಸಾಲು ನಿಂತಿತು. ರೋಜೆಟ್ಟಾ ಮೂವತ್ತು ವರ್ಷದಿಂದ ಆ ಊರಿನ ಹೆಂಗಸರ ಕೂದಲು ತೊಳೆದು, ಎಣ್ಣೆ ಹಚ್ಚಿ, ಹೆಣೆದು ಕಳಿಸುತ್ತಿದ್ದವಳು. ಮದುವೆಗೆ, ಹೆರಿಗೆಗೆ, ಸಾವಿಗೆ, ಯಾವುದಕ್ಕೆ ಹೇಗೆ ಎಂದು ಅವಳಿಗೆ ಗೊತ್ತು. ಈಗ ಮೊದಲು ತನ್ನ ತಲೆಯನ್ನೇ ನುಣ್ಣಗೆ ಬೋಳಿಸಿಕೊಂಡು, ಕತ್ತರಿ ಕೆಳಗಿಟ್ಟು, ತಲೆ ಬೋಳಿಸುವ ಯಂತ್ರ ಹಿಡಿದಿದ್ದಳು.

ಡೆಲ್ಫೀನ್ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಬಂದಾಗ ನೆಲದ ತುಂಬ ಕೂದಲು. ಕರಿದು, ಬೆಳ್ಳಗಿನದು, ಕೆಂಪು ಬಣ್ಣ ಹಾಕಿದ್ದು. ಯಾರೋ ಒಬ್ಬಳು ತಮಾಷೆ ಮಾಡಲು ನೋಡಿದಳು. ಯಾರೂ ನಗಲಿಲ್ಲ. ಕಾರ್ಖಾನೆಯ ಒಬ್ಬ ಹೆಂಗಸು, ಬೋಳಾದ ಮೇಲೆ ಕನ್ನಡಿ ನೋಡದೆ, ಸ್ಕಾರ್ಫನ್ನು ಹಣೆಯವರೆಗೂ ಎಳೆದುಕೊಂಡು ಎದ್ದು ಹೋದಳು.

"ನಿಮ್ಮದು ಸ್ವಲ್ಪ ಬಿಟ್ಟು ತೆಗೀಲಾ, ಮಿಸ್ ವಿಲೊಡೀನ್?" ಎಂದು ಕೇಳಿದಳು ರೋಜೆಟ್ಟಾ.

"ಸ್ವಲ್ಪ ಬಿಟ್ಟರೆ ಆಗುತ್ತಾ?" ಎಂದು ಅಜ್ಜಿ ಡೆಲ್ಫೀನ್‌ನ ಕಡೆ ನೋಡಿದಳು.

"ಇಲ್ಲ ಅಜ್ಜಿ. ಪೂರ್ತಿ ತೆಗೀಬೇಕು."

ವಿಲೊಡೀನ್ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು. ಆಮೇಲೆ ಬೇಡವೆಂದು ತಲೆಯಾಡಿಸಿದಳು. "ಕೆಲಸ ತಗೊಂಡ್ರು, ಕೊಟ್ಟೆ. ಇದನ್ನ ಕೊಡಲ್ಲ. ನನ್ನ ತಲೇಲಿ ಏನಿದೆ ಅಂತ ತೋರಿಸೋಕೆ ತಲೆ ಬೋಳಿಸಬೇಕಾದ್ರೆ, ಅದು ಅವರು ನೋಡಬೇಕಾದ್ದಲ್ಲ."

ಬೋಳಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಹಸಿರು ಬಂತು. ನವೆಂಬರಿನ ಆ ಮಂಗಳವಾರ ಅವರು ಸ್ಕಾರ್ಫು ಕಟ್ಟಿಕೊಂಡು ಹೋಗಿ ಮತ ಹಾಕಿದರು. ವಿಲೊಡೀನ್ ಮನೆಯಲ್ಲಿ ಕೂತು ಬಟಾಣಿ ಬಿಡಿಸಿದಳು. ಎಪ್ಪತ್ತೊಂದು ವರ್ಷದಲ್ಲಿ ಅವಳು ತಪ್ಪಿಸಿದ ಮೊದಲ ಚುನಾವಣೆ ಅದು. ರೇಡಿಯೊ ಹಾಕುವುದು ಬೇಡ ಎಂದಳು.

ಫೆಬ್ರುವರಿಯಲ್ಲಿ ದಾವೆ ವಿಚಾರಣೆಗೆ ಬಂತು. ವಿಲೊಡೀನ್, ರೋಜೆಟ್ಟಾ, ಇನ್ನೂ ನಲವತ್ತು ಮಂದಿ ಸೇರಿ ರಾಜ್ಯದ ನ್ಯಾಯಾಲಯದಲ್ಲಿ ಹೂಡಿದ ದಾವೆ. ಡೆಲ್ಫೀನ್ ಕಂಪನಿ ಬಿಟ್ಟು ಅವರ ಕಡೆಯ ಸಾಕ್ಷಿಯಾದಳು. ಬೆಳಗ್ಗೆಯಿಡೀ ದಾಖಲೆಗಳನ್ನು ಬಿಡಿಸಿ ಹೇಳಿದಳು. ನ್ಯಾಯಾಧೀಶೆ ಗಮನವಿಟ್ಟು ಕೇಳಿ, ಊಟದ ಬಿಡುವಿಗೆ ಮುಂಚೆ ಒಂದು ಮಾತು ಹೇಳಿದರು.

"ತೊಂದರೆ ಇದೆ ಅನ್ನೋದು ನನಗೆ ಮನವರಿಕೆಯಾಗಿದೆ. ಈಗ ಉಳಿದಿರೋದು ಒಂದೇ ಪ್ರಶ್ನೆ. ಇದು ಸರಿಪಡಿಸಬಹುದಾದ ದೋಷವಾದರೆ ಸರಿಪಡಿಸಿ ಅಂತ ಆದೇಶ ಕೊಡ್ತೀನಿ. ಸರಿಪಡಿಸೋಕೆ ಬರಲ್ಲ ಅಂದರೆ ಯಂತ್ರವನ್ನೇ ನಿಲ್ಲಿಸ್ತೀನಿ. ಮಿಸ್ ಟಾಲಿವರ್, ಮಧ್ಯಾಹ್ನ ನೀವು ಇದಕ್ಕೆ ಉತ್ತರ ಹೇಳಬೇಕು."

ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಅಜ್ಜಿ, ಮೊಮ್ಮಗಳು ಬುತ್ತಿ ಬಿಚ್ಚಿಕೊಂಡು ಕೂತರು.

"ಸರಿ ಮಾಡೋಕೆ ಬರುತ್ತಾ?" ಎಂದಳು ಅಜ್ಜಿ.

"ಆರು ವಾರ ಸಾಕು."

"ಸರಿ ಮಾಡಿದರೆ?"

"ಎಲ್ಲರಿಗೂ ಹಸಿರು ಬರುತ್ತೆ. ಹೆಚ್ಚುಕಮ್ಮಿ ಎಲ್ಲರಿಗೂ. ಆದರೆ ಯಂತ್ರ ಉಳಿಯುತ್ತೆ, ಅಜ್ಜಿ. ಇವತ್ತು ವಾಕ್ಯಗಳು ಸುಲಭ ಇವೆ. ನಾಳೆ ನದಿ ಒಡ್ಡಿನ ಕಲಮು ಹಾಕ್ತಾರೆ. ಆಗ ಕೂದಲಿನ ನೆಪಾನೂ ಇರಲ್ಲ. ಸರಿಯಾಗಿ ಕೆಲಸ ಮಾಡೋ ಯಂತ್ರದ ಮೇಲೆ ಯಾರು ದಾವೆ ಹಾಕ್ತಾರೆ?"

ವಿಲೊಡೀನ್ ಕೈಯ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. "ಏನು ಹೇಳಬೇಕು ಅಂತ ನಾನು ಹೇಳಿಕೊಡಲ್ಲ. ಬೈಬಲ್ ಮೇಲೆ ಕೈಯಿಟ್ಟಿರೋದು ನೀನು."

ಮಧ್ಯಾಹ್ನ ಕೌಂಟಿಯ ಪರ ವಕೀಲ ಎದ್ದ. ತೆಳ್ಳಗಿನ, ಅವಸರವಿಲ್ಲದ ಮನುಷ್ಯ.

"ಈ ದೋಷವನ್ನು ಸರಿಪಡಿಸೋದು ಸಾಧ್ಯವೇ, ಮಿಸ್ ಟಾಲಿವರ್?"

"ಸಾಧ್ಯವಿಲ್ಲ."

"ಯಾವ ರೀತಿಯಲ್ಲೂ?"

"ಇದು ಭೌತವಿಜ್ಞಾನದ ಮಿತಿ. ಕೂದಲಿನ ಮೂಲಕ ಒಣ ಗುಂಡಿಯಿಂದ ಇಷ್ಟು ಸಣ್ಣ ಅಲೆ ಹಿಡಿಯೋದು ಆಗದ ಮಾತು."

"ನೀವು ಎಂದಾದರೂ ಪ್ರಯತ್ನಿಸಿದ್ದೀರಾ? ಯೋಚಿಸಿದ್ದೀರಾ?"

"ಯೋಚಿಸಿದ್ದೀನಿ. ದಾರಿ ಕಾಣಲಿಲ್ಲ."

ವಕೀಲ ಮೇಜಿಗೆ ಹಿಂದಿರುಗಿ ಒಂದು ನೋಟ್‌ಬುಕ್ ತೆಗೆದ. ಅದರ ಹಸಿರು ಬಟ್ಟೆಯ ರಟ್ಟು ಕಂಡ ಕೂಡಲೇ ಡೆಲ್ಫೀನ್‌ಗೆ ಗುರುತು ಸಿಕ್ಕಿತು. ಅವಳು ಕೆಲಸ ಬಿಡುವಾಗ, ಹೊರಗೆ ಒಯ್ಯಗೊಡದೆ ಕಂಪನಿ ತನ್ನಲ್ಲೇ ಇಟ್ಟುಕೊಂಡಿದ್ದ ಪುಸ್ತಕಗಳಲ್ಲಿ ಅದೂ ಒಂದು. ಆತ ಗುರುತು ಹಾಕಿದ ಪುಟ ಬಿಡಿಸಿ ಅವಳ ಮುಂದಿಟ್ಟ.

"ಈ ಕೈಬರಹ ಯಾರದ್ದು?"

"ನನ್ನದು."

"ಚಿತ್ರದ ಕೆಳಗಿನ ಸಾಲನ್ನು ದಯವಿಟ್ಟು ಓದಿ."

ಅವಳು ಓದಿದಳು. "ಬಾಚಣಿಗೆ ಗುಂಡಿ. ಎಲ್ಲ ಬಗೆಯ ಕೂದಲಿಗೂ ಆಗುತ್ತದೆ. ಆರು ವಾರದ ಕೆಲಸ."

ಹಿಂದಿನ ಸಾಲಿನಲ್ಲಿ ಕೂತಿದ್ದ ಮೆಕ್ಕೇಬ್ ತನ್ನ ಟೋಪಿಯ ಅಂಚನ್ನು ನೋಡುತ್ತಿದ್ದ.

ತೀರ್ಪು ಬರಲು ಎರಡು ದಿನವೂ ಹಿಡಿಯಲಿಲ್ಲ. ದೋಷ ಸರಿಪಡಿಸತಕ್ಕದ್ದು, ಯಂತ್ರ ಮುಂದುವರಿಯತಕ್ಕದ್ದು. ಕಂಪನಿಯಲ್ಲಿ ಅವಳ ಜಾಗಕ್ಕೆ ಬಂದವರು ಆ ಚಿತ್ರ ನೋಡಿಕೊಂಡೇ ಐದು ವಾರದಲ್ಲಿ ಬಾಚಣಿಗೆ ಗುಂಡಿ ಮಾಡಿ ಮುಗಿಸಿದರು. 'ಎಲ್ಲರನ್ನೂ ಸಮನಾಗಿ ಅಳೆಯುವ ಯಂತ್ರ' ಎಂದು ಪತ್ರಿಕೆಗಳು ಹೊಗಳಿದವು. ಆ ವರ್ಷವೇ ಇನ್ನೂ ಹನ್ನೊಂದು ಕೌಂಟಿಗಳು ಅದನ್ನು ತರಿಸಿಕೊಂಡವು.

ಡೆಲ್ಫೀನ್‌ನ ಮೇಲೆ ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳಿದ ಆರೋಪ ಬಂತು. ಅವಳು ಅಲ್ಲಗಳೆಯಲಿಲ್ಲ. ಜೈಲು ತಪ್ಪಿತು. ಮೂರು ವರ್ಷ ನಡತೆಯ ಮೇಲೆ ಕಣ್ಣಿಟ್ಟಿರುವುದಾಗಿ ಹೇಳಿ ಬಿಟ್ಟರು. ಶಿಕ್ಷೆ ಅಷ್ಟೇ ಎಂದುಕೊಂಡು ಅವಳು ಹೊರಡಲಿದ್ದಾಗ ಅವಳ ವಕೀಲೆ ಕೈ ಹಿಡಿದು ಕೂರಿಸಿದಳು.

"ಇನ್ನೊಂದಿದೆ. ನಿನಗೆ ಗೊತ್ತಿರಬೇಕು. ನಮ್ಮ ರಾಜ್ಯದ ಸಂವಿಧಾನದಲ್ಲಿ ಒಂದು ಅಪರಾಧಗಳ ಪಟ್ಟಿ ಇದೆ. ಆ ಪಟ್ಟಿಯ ಅಪರಾಧಕ್ಕೆ ಶಿಕ್ಷೆಯಾದರೆ ಮತದ ಹಕ್ಕು ಹೋಗುತ್ತೆ. ಸಾಯೋವರೆಗೂ. ಕೊಲೆ ಇದೆ, ಕಳ್ಳತನ ಇದೆ. ಸುಳ್ಳು ಸಾಕ್ಷಿಯೂ ಇದೆ."

"ಯಾವಾಗಿನ ಪಟ್ಟಿ ಅದು?"

"1890ರದ್ದು. ಅಕ್ಷರ ಪರೀಕ್ಷೆಯ ಜೊತೆಗೇ ಬರೆದದ್ದು. ಅದು ಹೋಯಿತು, ಇದು ಉಳಿಯಿತು."

"ವಾಪಸ್ಸು ಪಡೆಯೋಕೆ ದಾರಿಯೇ ಇಲ್ಲವಾ?"

"ಶಾಸನಸಭೆಯಲ್ಲಿ ನಿನ್ನೊಬ್ಬಳ ಹೆಸರಿನಲ್ಲಿ ಒಂದು ಮಸೂದೆ ತರಬೇಕು. ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು." ವಕೀಲೆ ಕಡತ ಕಟ್ಟಿದಳು. "ಕೆಲವು ವರ್ಷ ಒಬ್ಬರಿಗೂ ಆಗಲ್ಲ."

ಮನೆಗೆ ಬಂದು ಹೇಳಿದಾಗ ವಿಲೊಡೀನ್, "ಸುಳ್ಳು ಹೇಳೋಳು ಆ ಪುಸ್ತಕ ಮೊದಲೇ ಸುಟ್ಟಿರಬೇಕಿತ್ತು," ಎಂದಳು. ಬೈಯುತ್ತಿದ್ದಾಳೋ ಸಂತೈಸುತ್ತಿದ್ದಾಳೋ ಡೆಲ್ಫೀನ್‌ಗೆ ತಿಳಿಯಲಿಲ್ಲ. ಆ ಬೇಸಿಗೆ ಅವಳು ಮೆಂಫಿಸ್‌ನ ಮನೆ ಖಾಲಿ ಮಾಡಿ ಅಜ್ಜಿಯ ಜೊತೆ ಇರಲು ಬಂದಳು. ಪ್ರಯೋಗಾಲಯಗಳು ಅವಳನ್ನು ತೆಗೆದುಕೊಳ್ಳಲಿಲ್ಲ. ಪಕ್ಕದ ಊರಿನಲ್ಲಿ ಕಿವಿಯ ಯಂತ್ರ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು.

2039ರ ನವೆಂಬರಿನಲ್ಲಿ ಕೌಂಟಿಯ ಚುನಾವಣೆ. ವಿಲೊಡೀನ್‌ಗೆ ತೊಂಬತ್ತಾರು. ಸೆಪ್ಟೆಂಬರಿನಲ್ಲಿ ಮತ್ತೆ ದೃಢೀಕರಣ ನಡೆದಾಗ ಹೊಸ ಟೋಪಿ ಅವಳ ಕೂದಲಿನೊಳಗೆ ಸರಾಗವಾಗಿ ಇಳಿದು, ಹಸಿರು ದೀಪ ಹತ್ತಿತ್ತು. ಅವಳು ಅದರ ಕಡೆ ನೋಡಿರಲಿಲ್ಲ. ವಾಕ್ಯಗಳು ಮೊದಲಿಗಿಂತ ಉದ್ದವಾಗಿವೆ ಎಂದಷ್ಟೇ ಹೇಳಿದ್ದಳು. ಆ ಸಲ ರೋಜೆಟ್ಟಾ ಪೆಟ್‌ವೇಗೆ ಕೆಂಪು ಬಂದಿತ್ತು. ಗುಂಡಿ ನೆತ್ತಿಯನ್ನು ಚೆನ್ನಾಗಿಯೇ ಮುಟ್ಟಿತ್ತು. ಹಿಂದಿನ ವಾರವಷ್ಟೇ ಅವಳು ಲೂಶಿಯಸ್‌ನನ್ನು ಮಣ್ಣು ಮಾಡಿ ಬಂದಿದ್ದಳು. ಯಾವ ವಾಕ್ಯವೂ ತಲೆಗೆ ಹೋಗಲಿಲ್ಲ ಎಂದು ತಾನೇ ಹೇಳಿದಳು.

ಅಗ್ನಿಶಾಮಕ ಠಾಣೆಯ ಶೆಡ್ಡಿನಲ್ಲಿ ಮತಗಟ್ಟೆ. ಡೆಲ್ಫೀನ್ ರಸ್ತೆಯ ಈಚೆ ಬದಿಗೆ ಕಾರು ನಿಲ್ಲಿಸಿದಳು. ಸಾಲು ಚಿಕ್ಕದಾಗಿತ್ತು.

ಅಜ್ಜಿ ಇಳಿಯಲಿಲ್ಲ. ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು.

"ಹೇಳು. ನಿನಗೆ ಯಾರಿಗೆ ಹಾಕಬೇಕು ಅಂತ ಇದೆ?"

"ಅದು ನಿನ್ನ ಮತ ಅಜ್ಜಿ."

"ನನ್ನದೇ. ಯಾರಿಗಾದರೂ ಹಾಕ್ತೀನಿ. ಈ ಸಲ ನಿ‌ನ್ನ ಮಾತು ಕೇಳೋಣ ಅಂತ. ಹೇಳು."

ಯಾರು ಯಾರು ನಿಂತಿದ್ದಾರೆಂದು ಡೆಲ್ಫೀನ್ ನೋಡಿಯೇ ಇರಲಿಲ್ಲ. ಪತ್ರಿಕೆಯ ಆ ಪುಟಗಳನ್ನು ಮಗುಚಿ ಮುಂದೆ ಹೋಗುವುದು ಯಾವಾಗ ರೂಢಿಯಾಯಿತೋ ಅದೂ ನೆನಪಿರಲಿಲ್ಲ. ಹದಿನೆಂಟು ತುಂಬಿದ ದಿನದಿಂದ ಶಾಲಾ ಮಂಡಳಿಯ ಅಭ್ಯರ್ಥಿಗಳನ್ನೂ ಹೆಸರು ಹಿಡಿದು ಬೈಯುತ್ತಿದ್ದವಳು ಅವಳು.

"ಗೊತ್ತಿಲ್ಲ ಅಜ್ಜಿ," ಎಂದಳು. "ನನಗೆ ಯಾರೂ ಗೊತ್ತಿಲ್ಲ."

ವಿಲೊಡೀನ್ ಮೊಮ್ಮಗಳ ಮುಖವನ್ನೇ ನೋಡಿದಳು. ಕೆಂಪು ದೀಪ ಹತ್ತಿದ ದಿನ ಅವಳ ಕಣ್ಣು ಒದ್ದೆಯಾಗಿರಲಿಲ್ಲ. ಈಗ ಆಯಿತು. ಕನ್ನಡಕ ತೆಗೆದು ಒರೆಸಿಕೊಂಡು, ಚೀಲದೊಳಗಿನಿಂದ ಮಾದರಿ ಮತಪತ್ರವನ್ನು ತೆಗೆದು ತೊಡೆಯ ಮೇಲೆ ಹರಡಿದಳು.

"ಕೌಂಟಿ ಕ್ಲರ್ಕ್ ಸ್ಥಾನಕ್ಕೆ," ಎಂದು ತರಗತಿಯಲ್ಲಿ ಓದುವಂತೆ ದನಿಯೆತ್ತಿ ಓದಿದಳು, "ಹಾಲಿಸ್ ಮೆಕ್ಕೇಬ್. ಎದುರಿಗೆ ಯಾರೂ ಇಲ್ಲ. ಅದನ್ನ ಖಾಲಿ ಬಿಡ್ತೀನಿ. ಶಾಲಾ ಮಂಡಳಿಗೆ ನಾಲ್ಕು ಜನ. ಕೇಳಿಸಿಕೋ. ಮೊದಲನೆಯವನು ಯಾರು ಗೊತ್ತಾ..."

ರಸ್ತೆಯ ಆಚೆ ಸಾಲು ಕರಗಿತು. ಬಾಗಿಲಲ್ಲಿ ನಿಂತ ಸಿಬ್ಬಂದಿ ಕಾರಿನ ಕಡೆ ನೋಡಿ, ಬರುತ್ತೀರಾ ಎಂಬಂತೆ ಕೈ ಮಾಡಿದಳು. ಅಜ್ಜಿ ಅವಳಿಗೆ ಕಾಯುವಂತೆ ಒಂದು ಬೆರಳೆತ್ತಿ ತೋರಿಸಿ, ಎರಡನೆಯ ಹೆಸರು ಓದಿದಳು.